ಪೂರ್ವದ ಗೋಡೆಗೆ ಕಿಟಕಿ ಇಡಿಸಿದ ತಪ್ಪಿಗೆ

ಸರ್ಕಾರಿ ಕಟ್ಟಡಗಳ ಉಸ್ತುವಾರಿ ಹೊತ್ತ ಎಂಜಿನಿಯರ್ ಸಾಹೇಬರಿಗೆ,

ಮಾನ್ಯರೇ,

ಪಾಲಿಬೆಟ್ಟದ ಸಮೀಪದ ನಮ್ಮ ಹೆರಿಗೆ ಕೇಂದ್ರದ ಪೂರ್ವದ ಗೋಡೆಯನ್ನು ನಾನು ಅನುಮತಿಯಿಲ್ಲದೆ ಒಡೆಸಿ ಕಿಟಕಿ ಇಡಿಸಿದ್ದೇನೆಂದೂ, ಹದಿನೈದು ದಿನದೊಳಗೆ ಅದನ್ನು ಮುಚ್ಚಿಸಿ, ಒಡೆದ ಮೇಸ್ತ್ರಿಯ ಹೆಸರು ತಿಳಿಸಬೇಕೆಂದೂ ತಮ್ಮ ನೋಟೀಸು ಬಂದಿದೆ. ತಪ್ಪು ಒಪ್ಪಿಕೊಂಡಿದ್ದೇನೆ. ಬೆಳಕನ್ನು ಒಳಗೆ ಬಿಟ್ಟುಕೊಂಡವಳು ನಾನೇ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೂರನೇ ವರ್ಷ, ದಪ್ಪ ಮಣ್ಣಿನ ಗೋಡೆಯ, ಹೆಂಚಿನ ಹಳೆಯ ಕೇಂದ್ರವನ್ನು ಕೆಡವಿ ತಾವು ಹೊಸದನ್ನು ಕಟ್ಟಿಸಿಕೊಟ್ಟಿರಿ. ನಕ್ಷೆ ಬೆಂಗಳೂರಿನಿಂದ ಬಂತು. ರಾಯಚೂರಿಗೂ ಇದೇ, ನಿಮಗೂ ಇದೇ ಎಂದು ಓವರ್‌ಸೀಯರ್ ಹೆಮ್ಮೆಯಿಂದ ಹೇಳಿದರು. ಮಳೆಗೂ ಬಿಸಿಲಿಗೂ ಭೇದವೆಣಿಸದ ಈ ಸಮದೃಷ್ಟಿಗೆ ಕೈಮುಗಿಯಲೇಬೇಕು. ಮೇಲೆ ಸಮತಟ್ಟಾದ ಕಾಂಕ್ರೀಟ್ ತಾರಸಿ. ಜೂನ್‌ನಲ್ಲಿ ಅಲ್ಲಿ ನೀರು ನಿಲ್ಲುತ್ತದೆ, ಜುಲೈಯಲ್ಲಿ ಒಳಗಿಳಿಯುತ್ತದೆ. ಜಗಲಿ ಇಲ್ಲ, ಅದು ದಂಡವಂತೆ. ಹೆರಿಗೆ ಕೋಣೆಗೆ ಒಂದೇ ಕಿಟಕಿ, ಅದೂ ನೇರ ಪಶ್ಚಿಮಕ್ಕೆ. ಇಲ್ಲಿ ಮಳೆಗಾಳಿ ಯಾವ ದಿಕ್ಕಿನಿಂದ ಹೊಡೆಯುತ್ತದೆಂದು ಯಾರನ್ನಾದರೂ ಕೇಳಿದ್ದಿರಾ? ದನ ಕಾಯುವವರೂ ಹೇಳುತ್ತಿದ್ದರು. ತೆರೆದರೆ ಮಂಚ ತೊಯ್ಯುತ್ತದೆ. ಮುಚ್ಚಿದರೆ ಹಗಲು ಹನ್ನೊಂದಕ್ಕೆ ಸೀಮೆಎಣ್ಣೆ ದೀಪ ಬೇಕು.

ಕಳೆದ ಜುಲೈಯಲ್ಲಿ ಶಿವಮ್ಮ ಎಂಬ ಎಸ್ಟೇಟ್ ಕೆಲಸದ ಹೆಂಗಸನ್ನು ಅವಳ ಅತ್ತೆ ಕಾಳಮ್ಮ ಕೂಲಿ ಲೈನಿನ ಮನೆಯಿಂದ ಕರೆತಂದಳು. ಚೊಚ್ಚಲು ಹೆರಿಗೆ. ತಾರಸಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ದೀಪ ಆರುತ್ತಿತ್ತು. ಶಿವಮ್ಮ ಚಳಿಗೆ ಹಲ್ಲು ಕಡಿಯುತ್ತಿದ್ದಳು. ಎರಡನೇ ಸಲ ದೀಪ ಆರಿದಾಗ ಕಾಳಮ್ಮನ ತಾಳ್ಮೆ ಮುಗಿಯಿತು.

"ಇದೇನವ್ವಾ, ಹಗಲೊತ್ನಲ್ಲೇ ಕಗ್ಗತ್ಲು! ನಮ್ ದನದ ಕೊಟ್ಗೇನೇ ವಾಸಿ. ನಿಮ್ ಅಡ್ಗೆಮನೇಲಿ ಒಲೆ ಉರೀತಾ ಅದಲ್ವಾ? ಅಲ್ಗೇ ಕರ್ಕೊಂಡೋಗಾನ ನಡೀರಿ."

ನನ್ನ ಅಡುಗೆಮನೆಯೆಂದರೆ ಹಳೆಯ ಕೇಂದ್ರದಲ್ಲಿ ಕೆಡವದೆ ಉಳಿದ ಒಂದು ಮೂಲೆ. "ಅದು ವಾಸಕ್ಕೆ ಯೋಗ್ಯವಲ್ಲ, ಕೆಡವಬೇಕು ಅಂತ ಸರ್ಕಾರ ಬರೆದಿದೆ, ಕಾಳಮ್ಮ" ಎಂದೆ.

"ಬರ್ಕೊಳ್ಲಿ ಬುಡಿ. ಹೆರೋದು ಸರ್ಕಾರಾನಾ?"

ಇಬ್ಬರೂ ಹಿಡಿದು ಶಿವಮ್ಮನನ್ನು ಅಲ್ಲಿಗೆ ನಡೆಸಿದೆವು. ಮಣ್ಣಿನ ಗೋಡೆ ಒಲೆಯ ಕಾವನ್ನು ಹಿಡಿದಿಟ್ಟಿತ್ತು. ಮಾಡಿನ ಗಾಜಿನ ಹೆಂಚಿನಿಂದಲೂ ಪೂರ್ವದ ಕಿಟಕಿಯಿಂದಲೂ ಬೆಳಕು ಬೀಳುತ್ತಿತ್ತು. ಮಗುವಿನ ತಲೆ ಹೊರಬಂದೊಡನೆ ಕುತ್ತಿಗೆಗೆ ಹೊಕ್ಕುಳಬಳ್ಳಿ ಎರಡು ಸುತ್ತು ಬಿಗಿದಿದ್ದು ಕಂಡಿತು. ಬಳ್ಳಿಯ ಕೆಳಗೆ ಬೆರಳು ತೂರಿಸಿದೆ. ಸುತ್ತು ಬಿಡಿಸಿದೆ. ನೀಲಿಗಟ್ಟಿದ್ದ ಕೂಸನ್ನು ಒಲೆಯ ಪಕ್ಕ ಹಿಡಿದು ಬೆನ್ನು ತಿಕ್ಕಿದೆ. ಎಷ್ಟು ಹೊತ್ತೋ ತಿಳಿಯದು, ಕೊನೆಗೆ ಅತ್ತಿತು. ಹೆಣ್ಣು ಮಗು. ಆಮೇಲೆ ನಾನೂ ಅತ್ತೆ.

ಮುಂದಿನ ವಾರ ಒಬ್ಬ ಮೇಸ್ತ್ರಿ ಬಂದು ಹೆರಿಗೆ ಕೋಣೆಯ ಪೂರ್ವದ ಗೋಡೆ ಒಡೆದು ಕಿಟಕಿ ಇಟ್ಟು, ಪಶ್ಚಿಮದ ಕಿಟಕಿಗೆ ಹೆಂಚಿನ ಇಳಿಜಾರು ಮಾಡು ಕೂರಿಸಿದ. ಈಗ ಹಗಲಿಗೆ ದೀಪ ಬೇಡ. ಗೋಡೆ ಒಣಗಿದೆ. ಕೋಣೆ ಬೆಚ್ಚಗಿಡುವ ಕೆಂಡದ ಬಾಣಲೆಗೂ ಅರ್ಧ ಸೌದೆ ಸಾಕು.

ಕಳೆದ ತಿಂಗಳು ತಪಾಸಣೆಗೆ ಬಂದ ತಮ್ಮ ಓವರ್‌ಸೀಯರ್ ವರದಿ ಬರೆಯಲು ಕುಳಿತರು. ಮುಂದಿನ ಕೋಣೆಯ ಕತ್ತಲಲ್ಲಿ ಕಾಗದ ಕಾಣಲಿಲ್ಲ. ಮೇಜನ್ನು ತಾವೇ ಎಳೆದು ಆ ಅಕ್ರಮ ಕಿಟಕಿಯ ಬಳಿ ಹಾಕಿಕೊಂಡು, ಅದರ ಬೆಳಕಿನಲ್ಲೇ ಅದರ ವಿರುದ್ಧ ಎರಡು ಪುಟ ಬರೆದರು. ಅಕ್ಷರಗಳು ದುಂಡಗಿದ್ದವು.

ಕಿಟಕಿಯನ್ನು ನಾನು ಮುಚ್ಚಿಸುವುದಿಲ್ಲ. ಮೇಸ್ತ್ರಿಯ ಹೆಸರನ್ನೂ ಹೇಳುವುದಿಲ್ಲ. ನೋಟೀಸು ಹಿಂತೆಗೆಯಿರಿ, ತಾರಸಿಯ ಮೇಲೆ ಹೆಂಚಿನ ಮಾಡು ಹಾಕಿಸಿ, ಮುಂದಿನ ಕೇಂದ್ರದ ನಕ್ಷೆ ಬರೆಯುವ ಮುನ್ನ ಅಲ್ಲಿನ ಸೂಲಗಿತ್ತಿಯನ್ನು ಕೇಳಿ. ಮುಚ್ಚಲೇಬೇಕೆಂದಿದ್ದರೆ ಜುಲೈಯಲ್ಲಿ ತಾವೇ ಇಟ್ಟಿಗೆ ಹಿಡಿದು ಬನ್ನಿ. ಮಂಚದ ಮೇಲೆ ಯಾರಾದರೂ ನೋವು ತಿನ್ನುತ್ತಿರುತ್ತಾರೆ. ಅವರ ಅನುಮತಿ ಪಡೆದು ಕೆಲಸ ಶುರುಮಾಡಿ.

ಇಂತಿ,
ತಮ್ಮ ಗೋಡೆಗೆ ಕನ್ನ ಹಾಕಿ, ಇನ್ನೂ ಕೆಲಸದಲ್ಲಿರುವ
ಪೂವಮ್ಮ, ಸೂಲಗಿತ್ತಿ