ಎತ್ತಿ ಇಡುವ ಕಾಯಿ

ಅಪ್ಪ,

ನಿಮ್ಮ ಹೊಲಿಗೆ ಯಂತ್ರದ ಮುಂದೆ ಈಗ ನಾನು ಕೂರುತ್ತೇನೆ. ಶಾಲೆ ಬಿಟ್ಟವನು ಇದನ್ನಾದರೂ ಹಿಡಿದನಲ್ಲ ಅಂತ ಅಮ್ಮನಿಗೆ ಸಮಾಧಾನ.

ಇವತ್ತು ಮಧ್ಯಾಹ್ನ ತಂಗಿ ಚದುರಂಗದ ಹಲಗೆ ತೆಗೆದಳು. ನೀವು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ನನ್ನ ಬೆನ್ನ ಹಿಂದೆ ಕೂತು ಒಬ್ಬಳೇ ಎರಡೂ ಕಡೆ ಆಡುತ್ತಿದ್ದಳು. ಆನೆ ನೇರಕ್ಕೆ, ಒಂಟೆ ಓರೆಗೆ, ಎಲ್ಲವೂ ಹಲಗೆಯನ್ನು ಉಜ್ಜಿಕೊಂಡೇ ಸರಿಯುತ್ತವೆ. ಆ ಸದ್ದು ನಿಂತು, ಒಂದು ಕಾಯಿ ಟಕ್ ಅಂತು. ಅಡ್ಡ ಬಂದವರನ್ನು ಹಾರಿ ಹೋಗುವ ಕುದುರೆಯನ್ನು ಮಾತ್ರ ಎತ್ತಿ ಇಡಬೇಕಲ್ಲ.

"ಕುದುರೆ ಬಿಟ್ಟೆಯೇನೇ, ಕಳ್ಳಿ?"

ತಿರುಗಿ ನೋಡದೆ ಹಾಗೆ ಕೇಳಿದವನು ನಾನೇ. ನೀವು ಹೊಲಿಯುತ್ತಲೇ, ಸದ್ದಿನಲ್ಲೇ ಕಾಯಿ ಗುರುತಿಸಿ ಕೇಳುತ್ತಿದ್ದ ಮಾತು. ಆಮೇಲೆ ನಿಮ್ಮ ನಡೆಯನ್ನೂ ಕೂತಲ್ಲಿಂದಲೇ ಹೇಳುತ್ತಿದ್ದಿರಿ. ಬಾಯಿ ನನ್ನದು, ದನಿ ನಿಮ್ಮದು.

"ಹೂಂ, ಅಪ್ಪ," ಅಂದುಬಿಟ್ಟಳು.

ಆಮೇಲೆ ಮೆಲ್ಲಗೆ, "ಈಗ ನಿಮ್ಮದು," ಅಂದಳು.

ನೀವು "ಬಾರೋ, ಒಂದಾಟ" ಅಂತ ಕರೆದಾಗಲೆಲ್ಲ ನನಗೆ ಹೊರಗೆಲ್ಲೋ ಕೆಲಸ ಇರುತ್ತಿತ್ತು. ಈಗ ನಿಮ್ಮ ಜಾಗದಲ್ಲಿ ಯಾವ ಕಾಯಿ ನಡೆಸಬೇಕೋ ಗೊತ್ತಿಲ್ಲ. ಬಾಯಿಗೆ ಬಂದ ನಡೆ ಹೇಳಿದರೆ ಅದು ನಿಮ್ಮದಲ್ಲ ಅಂತ ಅವಳಿಗೆ ತಿಳಿದುಬಿಡುತ್ತದೆ.

ಅವಳು ಕಾಯುತ್ತಿದ್ದಾಳೆ, ಅಪ್ಪ. ನಾನು ಯಂತ್ರದ ಮೇಲೆ ಬಗ್ಗಿ ಇದನ್ನು ಬರೆಯುತ್ತಿದ್ದೇನೆ. ತಿರುಗಿದರೆ ಅವಳಿಗೆ ಕಾಣುವುದು ನಾನೇ, ನೀವಲ್ಲ.