ತಾತನ ಜೊತೆ ಹೋದ ಓಲೆಕಟ್ಟು

ಕಾಮಗೆರೆ,
ಕಾರ್ತೀಕ ಸೋಮವಾರ, ೩–೧೧–೧೯೫೨

ಪ್ರೀತಿಯ ಮೊಮ್ಮಗ ರುದ್ರಸ್ವಾಮಿಗೆ ನಿನ್ನ ಅಜ್ಜಿ ತಲೆ ಸವರಿ ಬರೆಯುವುದು,

ಹೇಗಿದ್ದೀಯ ಮಗ? ಮೈಸೂರಿನಲ್ಲಿ ಚಳಿ ಬಿದ್ದಿರಬೇಕು. ಹಾಸ್ಟೆಲಿನ ತಣ್ಣೀರು ಹುಯ್ದುಕೊಂಡು ನೆಗಡಿ ತಂದುಕೊಳ್ಳಬೇಡ. ಓದಿ ಓದಿ ಕಣ್ಣು ಉರಿಯುತ್ತದೆ ಎಂದಿದ್ದೆ. ಸಂತೆಗೆ ಬಂದವರ ಕೈಲಿ ಹರಳೆಣ್ಣೆ ಕಳಿಸಿದ್ದೇನೆ, ಅಂಗಾಲಿಗೆ ತಿಕ್ಕಿಕೊಂಡು ಮಲಗು. ಗೆಳೆಯರು ನಗುತ್ತಾರೆಂದು ಸೀಸೆಯನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಬೇಡ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೆ? ಇಲ್ಲಿ ನಾವೆಲ್ಲ ಇದ್ದೇವೆ. ರಾಗಿ ತೆನೆ ಬಿಟ್ಟಿದೆ. ನಿನ್ನ ಚಿಕ್ಕಪ್ಪ ಪುಟ್ಟಮಲ್ಲಪ್ಪ ಆಸ್ಪತ್ರೆಗೆ ಹೋಗಿ ಹಲ್ಲು ಕೀಳಿಸಿಕೊಂಡು ಬಂದ. ಬಾಯಿ ಊದಿ ಯಾರನ್ನೂ ಬೈಯಲಾಗದೆ ಒದ್ದಾಡಿದ್ದು ನೋಡಿ ನಾನು ನಕ್ಕುಬಿಟ್ಟೆ. ಆಮೇಲೆ, ಗಂಡ ಹೋಗಿ ವರ್ಷ ತುಂಬುವ ಮೊದಲೇ ನಕ್ಕೆನಲ್ಲ ಎಂದು ಸಂಕಟವಾಯಿತು.

ನಿನ್ನ ಕಾಗದವನ್ನು ಚಿಕ್ಕಪ್ಪ ಓದಿ ಹೇಳಿದ. ಸಾಲದೆಂದು ನಾನೇ ಕನ್ನಡಕ ಹಾಕಿಕೊಂಡು ಮತ್ತೆ ಓದಿದೆ. ತಾತನ ಮುತ್ತಜ್ಜ ಈ ಸೀಮೆಯ ಕೆರೆಗಳ ಮೇಲೆ ಕಟ್ಟಿದ ಹಾಡು ನಮ್ಮ ಮನೆಯ ತಾಳೆಗರಿಯ ಓಲೆಕಟ್ಟಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲವಂತೆ. ನಿಮ್ಮ ಪ್ರೊಫೆಸರರು ಊರೂರಿನ ಲೈಬ್ರರಿಗಳಿಗೆ ಬರೆದು ವಿಚಾರಿಸಿದರಂತೆ. ಅದಿಲ್ಲದೆ ನಿನ್ನ ಸಂಶೋಧನೆ ನಡೆಯುವುದಿಲ್ಲವಂತೆ. ಓಲೆಕಟ್ಟು ತಾತನ ಸಮಾಧಿಯಲ್ಲಿದೆ ಎಂದು ಚಿಕ್ಕಪ್ಪ ಹಿಂದೆಯೇ ಬರೆದಿದ್ದ. ಹಾಗಾದರೆ ಸಮಾಧಿ ತೆಗೆಸೋಣ, ಅಜ್ಜಿ ಹೂಂ ಎಂದರೆ ಬರುವ ವಾರವೇ ಹೊರಟು ಬರುತ್ತೇನೆ ಎಂದು ಈಗ ನೀನು ಕೇಳಿದ್ದೀಯ. ನನ್ನ ಹೂಂ ಮೇಲೆ ಇಷ್ಟು ದೊಡ್ಡ ಕೆಲಸ ನಿಂತದ್ದು ಇದೇ ಮೊದಲು.

ಆ ಓಲೆ ತಾತನಿಗೆ ಏನಾಗಿತ್ತು ಅಂತ ನಿನಗೆ ತಿಳಿಯದು ಮಗ. ನಾನು ಈ ಮನೆಗೆ ಬಂದಾಗ ನನಗೆ ಒಂದಕ್ಷರ ಬರುತ್ತಿರಲಿಲ್ಲ. ನಮ್ಮ ಸೀಮೆ ಮದರಾಸಿಗೆ ಸೇರಿದ್ದಲ್ಲವೆ, ಕೊಳ್ಳೇಗಾಲದ ಕಚೇರಿಯ ಕಾಗದವೆಲ್ಲ ಆಗಲೂ ತಮಿಳಿನಲ್ಲೇ ಬರುತ್ತಿತ್ತು. ಮನೆಯಲ್ಲಾದರೂ ಕನ್ನಡ ಇರಲಿ ಎಂದು ಅವರು ನನಗೆ ಓಲೆ ಮುಂದಿಟ್ಟು ಅಕ್ಷರ ತಿದ್ದಿಸಿದರು. ಅದಕ್ಕೇ ನನ್ನ ಬರಹ ಈಗಲೂ ಕೋಳಿ ಕೆದರಿದ ಹಾಗಿದೆ, ನೀನು ನಗುತ್ತಿದ್ದೆ. ವರ್ಷಕ್ಕೊಮ್ಮೆ ಕಾರ್ತೀಕದಲ್ಲಿ ಕಟ್ಟು ಬಿಚ್ಚಿ, ಗರಿಗರಿಗೂ ಎಣ್ಣೆ ಸವರಿ, ಸೊಪ್ಪಿನ ರಸದಲ್ಲಿ ದೀಪದ ಕಾಡಿಗೆ ಕಲಸಿ ಬಳಿದು ಒರೆಸುತ್ತಿದ್ದರು. ಮಾಸಿಹೋದ ಅಕ್ಷರ ಕಪ್ಪಗೆ ಎದ್ದು ಕಾಣುತ್ತಿತ್ತು. ಆ ದಿನ ಹತ್ತಿರ ಬಂದರೆ ನಿನಗಾಗಿ ಕಾಯುತ್ತಿದ್ದರು. ನೀನು ಹೈಸ್ಕೂಲು ಸೇರಿದ ಮೇಲೆ ಒಮ್ಮೆಯೂ ಕೂರಲಿಲ್ಲ. ಬರೀ ಮಸಿ ಕೆಲಸ ಎನ್ನುತ್ತಿದ್ದೆ.

ಹೋದ ವರ್ಷ ಅವರು ಓಲೆಕಟ್ಟನ್ನು ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಹಾಗೆ ಬಸ್ಸಿನಲ್ಲಿ ಕೂತು, ನಿನ್ನ ಕಾಲೇಜಿಗೆ ಬಂದದ್ದು ನೆನಪಿದೆಯೆ? ತಮ್ಮ ಕಾಲ ಮುಗಿಯುವ ಮೊದಲು ಅಲ್ಲಿನ ಲೈಬ್ರರಿಗೆ ಕೊಟ್ಟುಬಿಟ್ಟರೆ ಓದುವ ಮಕ್ಕಳ ಕೈಗೆ ಸಿಗುತ್ತದೆ ಎಂಬ ಆಸೆ. ಅವರು ತಿರುಗಿ ಬಂದಾಗ ಕಂಕುಳಲ್ಲಿ ಕಟ್ಟು ಹಾಗೇ ಇತ್ತು. ನಾನು ಕೇಳಿದರೆ, ಮೊಮ್ಮಗ ಹೋಟೆಲಿನಲ್ಲಿ ದೋಸೆ ಕೊಡಿಸಿದ ಎಂದು ಅದನ್ನೇ ದೊಡ್ಡದಾಗಿ ಹೇಳಿದರು. ಕಿಟಕಿಯಿಂದ ಲೈಬ್ರರಿ ನೋಡಿದರಂತೆ. "ಏನ್ ಪುಸ್ತಕ ಅಂತೀಯೆ ಕಣಮ್ಮೀ, ಗ್ವಾಡೆ ಕಾಣಕಿಲ್ಲ. ಓದೋ ಐಕ್ಳೇ ಇಲ್ಲ. ಒಬ್ಬ ಬುಕ್ಕನ್ನೇ ತಲೆದಿಂಬು ಮಾಡ್ಕಂಡು ನಿದ್ದೆ ಒಡೀತಿದ್ದ" ಎಂದು ನಗಿಸಿದರು. ಉಳಿದದ್ದು ಹೊರಗೆ ಬರಲು ಎಷ್ಟೋ ದಿನ ಹಿಡಿಯಿತು. ನೀನು ಅವರನ್ನು ಗೆಳೆಯರ ಕಣ್ಣಿಗೆ ಬೀಳದಂತೆ ಮರದ ಕೆಳಗೆ ಕರೆದುಕೊಂಡು ಹೋಗಿ, "ಸುಮ್ನಿರು ತಾತ, ಅಲ್ಲಿ ಅಚ್ಚಾದ ಬುಕ್ಕನ್ನೇ ಮುಟ್ಟೋರಿಲ್ಲ, ಈ ಗರೀನ ಯಾರು ಕೇಳ್ತಾರೆ? ನಮ್ಗೆ ಮೇಷ್ಟ್ರ ನೋಟ್ಸೇ ಸಾಕು" ಎಂದೆಯಂತೆ. ಕೋಪದಲ್ಲಿ ಹೇಳಲಿಲ್ಲ ಅವರು. "ಅವ್ನು ಅಂದದ್ರಲ್ಲಿ ತಪ್ಪೇನಿಲ್ಲ. ಕೇಳೋರಿಲ್ಲದ ಮ್ಯಾಲೆ ಯಾಕೆ? ನಾನು ಓಗೋವಾಗ ನನ್ ಜೊತೇಲೇ ಕಳ್ಸು" ಎಂದರು.

ಅವರು ಹೋದಾಗ ನಿನಗೆ ತಂತಿ ಕೊಟ್ಟೆವು. ಪರೀಕ್ಷೆ ಮುಗಿಸಿ ಬರುತ್ತೇನೆ ಎಂದು ತಿರುಗಿ ತಂತಿ ಕಳಿಸಿದೆ. ಬರಲಿಲ್ಲ, ಇರಲಿ. ನಮ್ಮ ಪದ್ಧತಿಯಂತೆ ಹೊಲದಲ್ಲಿ ಗೂಡು ತೋಡಿಸಿ, ಕೂತ ಹಾಗೇ ಇಳಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ಸುರಿದರು. ಮೇಲೆ ಉಪ್ಪು ಹಾಕುವ ಮೊದಲು ನಾನು ಕೆಂಪು ವಸ್ತ್ರದ ಕಟ್ಟನ್ನು ತಂದು ಅವರ ಬಲಮಗ್ಗುಲಿಗೆ ಇಡಿಸಿದೆ. ಯಾರೂ ಬೇಡವೆನ್ನಲಿಲ್ಲ. ಹಿರಿಯರಿಗೆ ಪ್ರಿಯವಾದದ್ದು ಜೊತೆಗೆ ಹೋಗಲಿ ಎಂದರು. ಅದರೊಳಗೆ ಏನಿದೆಯೆಂದು ಕೇಳುವ ಓದಿದ ಮನುಷ್ಯ ಆ ಗುಂಪಿನಲ್ಲಿ ಯಾರೂ ಇರಲಿಲ್ಲ.

ಈಗ ಮನೆಯಲ್ಲಿ ಇದೇ ಮಾತು. ಓದುವ ಹುಡುಗನಿಗೆ ದಾರಿಯಾಗಲಿ, ತೆಗೆಸೋಣ ಎನ್ನುತ್ತಾನೆ ಚಿಕ್ಕಪ್ಪ. ಮಠದ ಅಯ್ಯನೋರು ಶಿವನಿಗೆ ಒಪ್ಪಿಸಿದ್ದನ್ನು ಮುಟ್ಟಬಾರದು ಎಂದರು, ಆಮೇಲೆ ಹೆಂಡತಿಯಾದವಳು ಒಪ್ಪಿದರೆ ಶಾಂತಿ ಮಾಡಿಸಿ ತೆಗೆಯಬಹುದು ಎಂದೂ ಹೇಳಿದರು. ಎಲ್ಲರೂ ನನ್ನ ಮುಖ ನೋಡುತ್ತಾರೆ. ಉಪ್ಪಿನೊಳಗೆ, ಒಂದು ಮಳೆಗಾಲ ಕಳೆದ ಮೇಲೆ ಗರಿ ಏನಾಗಿದೆಯೋ ಯಾರಿಗೆ ಗೊತ್ತು. ಪೂರ್ತಿ ಹಾಳಾಗಿರಲಿಕ್ಕಿಲ್ಲ ಎಂದು ಒಮ್ಮೊಮ್ಮೆ ನನಗೂ ಅನ್ನಿಸುತ್ತದೆ. ನೀನು ದೊಡ್ಡ ವಿದ್ವಾಂಸನಾಗುವುದು ನನಗೆ ಬೇಡವೆ? ನಿನ್ನ ಹೆಸರು ಪುಸ್ತಕದ ಮೇಲೆ ಬಂದರೆ ಊರಿಗೆಲ್ಲ ಸಕ್ಕರೆ ಹಂಚುವವಳು ನಾನೇ.

ಹೊತ್ತುಹೊತ್ತಿಗೆ ಉಣ್ಣು. ಪ್ರೊಫೆಸರರಿಗೆ ನನ್ನ ಶರಣು ಹೇಳು. ಮಾದೇಶ್ವರ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಜ್ಜಿ,
ಪುಟ್ಟಮಲ್ಲಮ್ಮ

ಮರೆತಿದ್ದು: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಸಮಾಧಿ ತೆಗೆಸುವುದಕ್ಕೆ ನಾನು ಒಪ್ಪುವುದಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ, ಅಯ್ಯನೋರ ಮಾತಿಗೆ ಹೆದರಿಯೂ ಅಲ್ಲ. ಗರಿಗೆ ಹುಳು ಹಿಡಿದಿತ್ತೆ, ದಾರ ಗಟ್ಟಿಯಿತ್ತೆ, ಮೊದಲ ಗರಿ ಇತ್ತೆ ಎಂದು ಎಲ್ಲ ವಿಚಾರಿಸಿದ್ದೀಯ. ತಾತ ಹೇಗೆ ಹೋದರು, ಬಾಯಿಗೆ ನೀರು ಬಿಟ್ಟವರು ಯಾರು, ಕೊನೆಗೆ ಯಾರ ಹೆಸರು ಕರೆದರು ಎಂದು ಒಂದು ಕಾಗದದಲ್ಲೂ ಕೇಳಲಿಲ್ಲ. ಕೇಳಿದ್ದರೆ ನಾನೇ ಗುದ್ದಲಿ ಹಿಡಿದು ತೆಗೆದು ಕೊಡುತ್ತಿದ್ದೆ. ಇನ್ನು ಕೇಳಬೇಡ ಮಗ. ಕೇಳಿದರೆ, ತಾತನಿಗಾಗಿ ಕೇಳಿದೆಯೋ ಓಲೆಗಾಗಿ ಕೇಳಿದೆಯೋ ನನಗೆ ತಿಳಿಯುವುದಿಲ್ಲ.