ಹಾಸಿನ ಬೀದಿಗೆ ಬಂದ ನಕ್ಷೆ

ಜೂನ್ 9, ಸೋಮವಾರ

ಬಿಸಿಲೇರುವ ಮೊದಲೇ ಹಾಸು ಎಳೆದಾಯಿತು. ಬೀದಿಯ ಈ ತುದಿಗೆ ನಾನು, ಆ ತುದಿಗೆ ನಮ್ಮ ಯಜಮಾನರು. ನಡುವೆ ಉದ್ದಕ್ಕೂ ಮಗ್ಗಕ್ಕೆ ಏರಿಸುವ ಕೆಂಪು ರೇಷ್ಮೆ ಎಳೆ. ಕಿತ್ತ ಎಳೆ ಹುಡುಕಿ ಹುಡುಕಿ ಗಂಟು ಹಾಕುತ್ತಾ ಬಂದೆ. ಹಾಲಿನವನು ಬೈಕ್ ಆಫ್ ಮಾಡಿ ಗೋಡೆ ಪಕ್ಕದಲ್ಲಿ ತಳ್ಳಿಕೊಂಡು ಹೋದ. ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಬೀದಿಯಲ್ಲಿ ಹಾಸು ಹರಡಿದೆ ಎಂದರೆ ಗಾಡಿ ನಿಲ್ಲಬೇಕು, ಅಷ್ಟೆ.

ತಿಂಡಿ ಹೊತ್ತಿಗೆ ಇವರು ನಗರಸಭೆ ಕಡೆಯಿಂದ ಮುಖ ಸಣ್ಣಗೆ ಮಾಡಿಕೊಂಡು ಬಂದರು. ಕೊಳ್ಳೇಗಾಲಕ್ಕೆ ಹೊಸ ಮಾಸ್ಟರ್ ಪ್ಲಾನ್ ಅಂತೆ. ಕರಡು ನಕ್ಷೆ ಗೋಡೆಗೆ ಅಂಟಿಸಿದ್ದಾರಂತೆ. ಮೊಬೈಲಲ್ಲಿ ಫೋಟೋ ತೆಗೆದುಕೊಂಡು ಬಂದಿದ್ದರು. ಬೆರಳಲ್ಲಿ ಹಿಗ್ಗಿಸಿ ನೋಡಿದೆ. ನಮ್ಮ ಬೀದಿಗೆ ನೀಲಿ ಬಳಿದಿದ್ದಾರೆ - ನೀಲಿ ಅಂದರೆ ಕಮರ್ಷಿಯಲ್. ನಡುವೆ ಎರಡು ದಪ್ಪ ಗೆರೆ. ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸುಗಳಿಗೆ ಅಗಲದ ರಸ್ತೆ. ಎರಡೂ ಕಡೆ ಮನೆಗಳ ಮುಂದಿನ ಕೋಣೆ ಹೋಗುತ್ತದೆ.

ಮುಂದಿನ ಕೋಣೆಯಲ್ಲೇ ಮಗ್ಗ. ನಮ್ಮದು ಗುಂಡಿಮಗ್ಗ. ನೆಲದಲ್ಲಿ ಗುಂಡಿ, ಗುಂಡಿಯಲ್ಲಿ ಕಾಲು, ಮೇಲೆ ಮಗ್ಗ. ಸೋಫಾ ತರಹ ಎತ್ತಿ ಪಕ್ಕದ ರೂಮಿಗೆ ಇಟ್ಟುಕೊಳ್ಳಲು ಆಗುತ್ತದಾ? ಕೋಣೆ ಹೋದರೆ ನೇಯ್ಗೆ ಹೋಯಿತು. ಬೀದಿ ಹೋದರೆ ಹಾಸು ಎಳೆಯುವುದು ಆಕಾಶದಲ್ಲಾ?

“ನೋಡಾಣ ಇರು ಗೌರಿ” ಅಂದರು ಇವರು. ಹೆಸರು ಶಾಂತಮೂರ್ತಿ. ಹೆಸರಿಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ನನಗೋ ಮೈಯೆಲ್ಲಾ ಉರಿ.

ಜೂನ್ 12, ಗುರುವಾರ

ಚೌಡಮ್ಮನ ಗುಡಿ ಜಗಲಿಯಲ್ಲಿ ಬೀದಿಯವರ ಮೀಟಿಂಗ್. ಎದುರುಮನೆ ಶಿವರಾಜು ಎದ್ದು ನಿಂತ. ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಮಗ್ಗ ಬಿಟ್ಟು ಎಷ್ಟೋ ವರ್ಷ.

“ರೋಡಾಗ್ಲಿ ಬುಡಿ. ಮನೆಮನೆಗೂ ಎರ್ಡೆರ್ಡ್ ಅಂಗ್ಡಿ ಮಾಡ್ಕಬೋದು. ಇನ್ನೂ ಎಷ್ಟ್ ದಿನ ಆ ಗುಂಡೀಲಿ ಕುಂತಿರ್ತೀಯ ಗೌರಕ್ಕ?”

“ನೀನು ಉಂಡು ಬೆಳ್ದಿದ್ದೇ ಆ ಗುಂಡಿಯಿಂದ ಕಣ್ಲಾ!” ಅಂದೆ. ಗುಡಿ ಮುಂದೆ ಅಷ್ಟು ಜೋರಾಗಿ ಕೂಗಬಾರದಿತ್ತು. ಕೂಗಿದೆ.

ಅವನ ತಾಯಿ ವೀರಮ್ಮಜ್ಜಿ ಮೂಲೆಯಲ್ಲಿ ಕೂತಿದ್ದಳು. ಬೀದಿಗೇ ಹಿರಿಯಳು. ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ. “ಅಂಗ್ಡಿ ಆಮೇಲಾಗ್ಲಿ. ಮೊದ್ಲು ನಾನೂ ನಿಮ್ಮಪ್ಪನೂ ಕುಂತ ಮಗ್ಗ ಎಲ್ಲಿಕ್ತೀಯ, ಅದ್ ಏಳ್ಲಾ” ಅಂದಳು. ಶಿವರಾಜು ಕೂತ. ಅವ್ವನ ಮುಂದೆ ಅವನ ಆಟ ನಡೆಯಲ್ಲ.

ಆದರೂ ಅವನ ಮಾತು ಪೂರ್ತಿ ಸುಳ್ಳಲ್ಲ. ತಲೆಯಾಡಿಸಿದವರೂ ಇದ್ದರು. ನೋಡಿದ್ದೇನೆ ಯಾರ‍್ಯಾರು ಅಂತ. ಉಳಿದವರೆಲ್ಲ ಸಹಿ ಹಾಕಿ ಆಕ್ಷೇಪಣೆ ಕೊಟ್ಟೆವು. ಶಿವರಾಜು ರಸ್ತೆ ಬೇಕು ಅಂತ ತನ್ನದೇ ಅರ್ಜಿ ಕೊಟ್ಟನಂತೆ.

ಜೂನ್ 24, ಮಂಗಳವಾರ

ಪ್ಲಾನಿಂಗ್ ಆಫೀಸಿನವರ ಹಿಯರಿಂಗ್. ಫ್ಯಾನ್ ಇದ್ದೂ ಸೆಕೆ. ದೀಪ ಮೇಡಂ ಅಂತ ದೊಡ್ಡ ಆಫೀಸರ್. ಕೆಟ್ಟ ಹೆಂಗಸಲ್ಲ. ಎಲ್ಲರಿಗೂ ನೀರು ಕೊಡಿಸಿದರು, ಆಮೇಲೆ ಶುರು ಮಾಡಿದರು.

“ನೋಡಿ, ಅಮಾವಾಸ್ಯೆ ಬಂದ್ರೆ ಬೆಟ್ಟದ ಬಸ್ಸುಗಳ ಮಧ್ಯೆ ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ಳುತ್ತೆ. ಹನೂರು ಕಡೆಯಿಂದ ಹೆರಿಗೆಗೆ ಬರೋರು ಏನು ಮಾಡಬೇಕು? ರಸ್ತೆ ಬೇಕಲ್ವಾ?”

ಬೇಕು. ಅದು ನಿಜವೇ. ಎದ್ದು ನಿಂತೆ. “ರಸ್ತೆ ಬ್ಯಾಡ ಅಂತ ಯಾರಂದ್ರು ಮೇಡಮ್ಮೋರೆ? ನಮ್ಮ ಬೀದಿ ಇಂದ್ಗಡೆ ಬಯಲದೆ, ಖಾಲಿ ಬಿದ್ದದೆ. ಅಲ್ ತಕಂಡೋಗಿ. ಮಗ್ಗದ ಮ್ಯಾಲೇ ಯಾಕ್ ಬಸ್ಸು ಬುಡ್ತೀರಿ?”

“ಯಾವ ಮಗ್ಗ?” ಅಂದರು. ವ್ಯಂಗ್ಯವಲ್ಲ, ನಿಜವಾಗಿಯೇ ಕೇಳಿದರು. ಫೈಲ್ ತಿರುಗಿಸಿ ತೋರಿಸಿದರು. ನಮ್ಮ ಬೀದಿ: ನೇಯ್ಗೆ ಚಟುವಟಿಕೆ ಇಲ್ಲ.

ಇಲ್ಲ!

ಸರ್ವೇಯರ್‌ನನ್ನು ಕರೆದರು. ಜಡೇಸ್ವಾಮಿ ಅಂತ, ರಾಮಾಪುರದ ಕಡೆಯವನು, ಇನ್ನೂ ಚಿಕ್ಕ ವಯಸ್ಸು. “ಮಾರ್ಚ್ ತಿಂಗಳಲ್ಲಿ ಎರಡ್ ದಿನ ಓಡಾಡಿದೀನಿ ಮೇಡಂ. ಬಾಗ್ಲೆಲ್ಲ ಮುಚ್ಚಿದ್ವು. ಯಾರೂ ಒಳೀಕೆ ಬುಡ್ನಿಲ್ಲ. ಒಂದ್ ಮಗ್ಗದ್ ಸದ್ದೂ ಇರ್ನಿಲ್ಲ.” ಅಷ್ಟಂದದ್ದೇ ತಡ, ಸಭೆಯೆಲ್ಲ ಎದ್ದು ಕೂಗಿತು. ಸುಳ್ಳುಗಾರ ಅಂದರು. ನಾನು ಇನ್ನೂ ಏನೇನೋ ಅಂದೆ, ಬರೆಯುವ ಹಾಗಿಲ್ಲ.

ಇವರು ನನ್ನ ಕೈ ಹಿಡಿದು ಕೂರಿಸಿದರು. “ಸುಮ್ಕಿರು. ಆ ಉಡ್ಗ ಸುಳ್ ಏಳ್ತಾಯಿಲ್ಲ. ಮಾರ್ಚ್‌ನಲ್ಲಿ ನಮ್ ಬೀದಿ ದೊಡ್ಡಮಾದಪ್ಪ ತೀರ್ಕಂಡಿದ್ರು.”

ಅಯ್ಯೋ ಶಿವನೇ. ಹೌದಲ್ಲ. ನಮ್ಮ ಬೀದಿಯಲ್ಲಿ ಮಗ್ಗಕ್ಕೆ ಕೂತ ಹಿರಿಯರು ಯಾರು ಹೋದರೂ ತಿಥಿ ಆಗುವ ತನಕ ಒಂದು ಮಗ್ಗವೂ ಆಡುವಂತಿಲ್ಲ. ಬಿಳಿ ಪಂಚೆ ಹೊದಿಸಿ ಬಾಗಿಲು ಹಾಕುತ್ತೇವೆ. ಹೊರಗಿನವರನ್ನು ಮಗ್ಗದ ಕೋಣೆಗೆ ಬಿಡಲ್ಲ. ಈ ಪುಣ್ಯಾತ್ಮ ಸರಿಯಾಗಿ ಅದೇ ದಿನಗಳಲ್ಲಿ ಬಂದಿದ್ದಾನೆ. ನಾವು ಮನೆಮನೆಯವರೂ ಸೇರಿ ಅವನನ್ನು ಬಾಗಿಲಲ್ಲೇ ವಾಪಸ್ ಕಳಿಸಿದ್ದೇವೆ. ಕಳಿಸಿ, ಮರೆತೇ ಬಿಟ್ಟಿದ್ದೇವೆ.

ಮೇಡಂ ಎಲ್ಲಾ ಕೇಳಿಸಿಕೊಂಡರು. “ಬಾಯಿಮಾತಿಗೆ ನಕ್ಷೆ ಬದಲಾಯಿಸೋಕೆ ಬರಲ್ಲ. ಜುಲೈ ಹತ್ತು, ಗುರುವಾರ, ನಾನೇ ಬರ್ತೀನಿ. ಮಗ್ಗ ನಡೀತಿದ್ರೆ ಬರೀತೀನಿ. ಅವತ್ತೂ ಸದ್ದಿಲ್ಲ ಅಂದ್ರೆ ಈ ನಕ್ಷೆನೇ ಮುಂದೆ ಹೋಗುತ್ತೆ.”

ಬರಲಿ! ಕಿವಿ ತೂತಾಗುವ ಹಾಗೆ ನೇಯುತ್ತೇವೆ.

ಜುಲೈ 4, ಶುಕ್ರವಾರ

ವೀರಮ್ಮಜ್ಜಿ ಬಚ್ಚಲ ಬಾಗಿಲಲ್ಲಿ ಕುಸಿದಳು. ಆಸ್ಪತ್ರೆಗೆ ಒಯ್ದು ಸಂಜೆ ಕರೆದುಕೊಂಡು ಬಂದರು. ಡಾಕ್ಟರು “ವಯಸ್ಸಾಗಿದೆ, ಮನೇಲೇ ನೋಡ್ಕೊಳ್ಳಿ” ಅಂದರಂತೆ. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು.

ಜಗಲಿ ಮೇಲೆ ಎಲ್ಲರೂ ಕೂತಿದ್ದೆವು. ಎಲ್ಲರ ತಲೆಯಲ್ಲೂ ಒಂದೇ ಲೆಕ್ಕ. ಗುರುವಾರದ ಒಳಗೆ ಅಜ್ಜಿ ಹೋದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ...

ಥೂ. ಮುದುಕಿ ಅಲ್ಲಿ ನರಳುತ್ತಿದ್ದಾಳೆ, ಇಲ್ಲಿ ನಾನು ಏನು ಯೋಚಿಸುತ್ತಿದ್ದೇನೆ.

ಜುಲೈ 6, ಭಾನುವಾರ

ಬೀದಿಗೆ ಬೀದಿಯೇ ಅಜ್ಜಿ ಮನೆಯಲ್ಲಿ. ಒಬ್ಬರು ರಾಗಿ ಗಂಜಿ, ಒಬ್ಬರು ಗ್ಲೂಕೋಸ್, ಒಬ್ಬರು ಎಳನೀರು. ಮೂಲೆಮನೆ ಪುಟ್ಟಮಾದಮ್ಮ ಅಜ್ಜಿ ಜೊತೆ ಮಾತು ಬಿಟ್ಟು ಯಾವ ಕಾಲವಾಯಿತೋ. ಅವಳೂ ಬಂದು ಕಾಲು ಒತ್ತುತ್ತಿದ್ದಳು. ನಗು ಬಂತು.

ಅಜ್ಜಿ ಅರ್ಧ ಕಣ್ಣು ಬಿಟ್ಟು ನೋಡಿದಳು. “ಇಷ್ಟೊಂದ್ ಸೇವೆ ಮದ್ವೇಲೂ ನಂಗ್ ಯಾರೂ ಮಾಡ್ನಿಲ್ಲ. ಏನಮ್ಮಿ ಗೌರಿ ಸಮಾಚಾರ?”

“ಏನಿಲ್ಲ ಕಣಜ್ಜಿ. ಗಂಜಿ ಕುಡಿ.”

ಜುಲೈ 8, ಮಂಗಳವಾರ

ಬೆಳಿಗ್ಗೆ ಅಜ್ಜಿಗೆ ಉಸಿರು ಬಹಳ ಎಳೆಯಿತು. ಎಲ್ಲರ ಮುಖ ಕಪ್ಪಿಟ್ಟಿತು. ಇವರು - ಬಾಯೇ ಬಿಡದ ಇವರು - ಮೆಲ್ಲಗೆ ಒಂದು ಮಾತು ತೆಗೆದರು. ಅಜ್ಜಿಯ ಮಗಳು ಯಳಂದೂರಲ್ಲಿ ಇದ್ದಾಳಲ್ಲ. ಎರಡು ದಿನ ಅಲ್ಲಿಗೆ ಕರೆದುಕೊಂಡು ಹೋದರೆ... ಏನಾದರೂ ಆದರೂ ಬೀದಿಯಲ್ಲಿ ಅಲ್ಲವಲ್ಲ...

ಒಳಗಿಂದ ಸ್ಟೀಲ್ ಲೋಟ ಹಾರಿ ಬಂತು! ಇವರ ಕಿವಿ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು.

“ಯಳಂದೂರಿಗ್ ಸಾಗ್ಸಿ ಸಾಯ್ಸೋಕ್ ನೋಡ್ತಿದೀರಾ? ಕಿವಿ ಕೇಳುಸ್ತದೆ ಕಣ್ರಲಾ ನಂಗೆ! ನಾನೇನ್ ಅಷ್ಟ್ ಸಸಾರ ಬಿದ್ದಿದೀನಾ?”

ಎಲ್ಲರೂ ಒಳಗೆ ಹೋಗಿ ತಲೆ ತಗ್ಗಿಸಿ ನಿಂತೆವು. ಅಜ್ಜಿ ಎದ್ದು ಕೂತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು. ಸಿಟ್ಟಿಗೆ ಇಂಥ ಶಕ್ತಿ ಇದೆ ಅಂತ ಯಾವ ಡಾಕ್ಟರೂ ಹೇಳಿಲ್ಲ.

“ಗುರುವಾರದಗಂಟ ಇರ್ತೀನಿ, ಓಗಿ. ಆದ್ರೆ ಅವತ್ತು ನಮ್ಮನೆ ಮಗ್ಗಾನೂ ಆಡ್ಬೇಕು. ಶಿವ್ರಾಜ ಕೂರ್ಲಿ.”

ಶಿವರಾಜು ಬೆವೆತ. “ಅವ್ವಾ, ನಂಗೆ ಎಲ್ಲಾ ಮರ್ತೋಗದೆ...”

“ಕಾಲ್ಗೆ ನೆಪ್ಪದೆ. ಗುಂಡೀಗಿಳಿ.”

ಮೊದಲು ನನಗೇ ನಂಬಿಕೆ ಬರಲಿಲ್ಲ. ಮಧ್ಯಾಹ್ನ ಧೂಳು ಒರೆಸಿ, ನಮ್ಮ ಹಾಸಿನಲ್ಲೇ ಒಂದು ಪಾಲು ಕೊಟ್ಟು, ಇವರು ಆ ಮಗ್ಗಕ್ಕೆ ಏರಿಸಿಕೊಟ್ಟರು. ಶಿವರಾಜು ಎಳೆ ಕಿತ್ತ, ಬೈಸಿಕೊಂಡ, ಮತ್ತೆ ಕೂತ. ಸಂಜೆ ಹೊತ್ತಿಗೆ ಎದುರುಮನೆಯಿಂದ ಸದ್ದು ಬಂತು. ಕುಂಟು ಸದ್ದು. ಆದರೂ ಸದ್ದು.

ಜುಲೈ 10, ಗುರುವಾರ, ಬೆಳಿಗ್ಗೆ 6

ಎದ್ದವಳೇ ಎದುರುಮನೆಗೆ ಓಡಿದೆ. ಮುಖ ಕೂಡ ತೊಳೆದಿರಲಿಲ್ಲ. ಅಜ್ಜಿ ಕಣ್ಣು ಮುಚ್ಚಿ ಮಲಗಿದ್ದಳು. ಮೂಗಿನ ಹತ್ತಿರ ಬೆರಳು ಹಿಡಿದೆ.

“ಇವೀನಿ ಕಣಮ್ಮಿ. ಕಾಫಿ ತತ್ತಾ.”

ಅದೇ ದಿನ, ಸಂಜೆ

ಗೆದ್ದೆವು. ಮೊದಲು ಅದನ್ನು ಬರೆದುಬಿಡುತ್ತೇನೆ. ಗೆದ್ದೆವು!

ಜೀಪು ಬೀದಿ ಬಾಯಿಗೆ ಬಂತು. ಅಲ್ಲೇ ನಿಂತಿತು. ಎದುರಿಗೆ ಹಸಿರು ಹಾಸು, ಬೀದಿಯುದ್ದಕ್ಕೂ. ಡ್ರೈವರ್ ಹಾರ್ನ್ ಹೊಡೆದ. ಮೇಡಂ ಅವನಿಗೆ ಏನೋ ಅಂದು ಇಳಿದರು. ಸೆರಗು ಸಿಕ್ಕಿಸಿಕೊಂಡು ಗೋಡೆ ಪಕ್ಕದಲ್ಲಿ ನಡೆದರು. ಆಗ ಶುರುವಾಯಿತು. ಈ ಮನೆ, ಆ ಮನೆ, ಅದರಾಚೆ ಮನೆ. ಮಗ್ಗದ ಹಣಿಗೆ ಬಡಿಯುವ ಸದ್ದು ಎರಡೂ ಕಡೆಯಿಂದ ಒಂದರ ಮೇಲೊಂದು ಬಂತು. ಮೇಡಂ ಏನೋ ಕೇಳಿದರು, ಪಕ್ಕದಲ್ಲಿ ನಿಂತ ಜಡೇಸ್ವಾಮಿಗೇ ಕೇಳಿಸಲಿಲ್ಲ. ಅವನು ಹಾಸಿನ ಪಕ್ಕ ಪೆನ್ನು ಹಿಡಿದುಕೊಂಡು ಹಾಗೇ ನಿಂತುಬಿಟ್ಟ.

ಅವನಿಗೆ ಅಂತಲೇ ಬೈಗುಳ ಜೋಡಿಸಿ ಇಟ್ಟುಕೊಂಡಿದ್ದೆ. ನಮ್ಮ ಬಾಗಿಲಿಗೆ ಬಂದು, “ಒಳೀಕೆ ಬರ್ಬೋದಾ ಅವ್ವಾ?” ಅಂತ ಕೇಳಿದ. ಬೈಗುಳ ಎಲ್ಲಿ ಹೋಯಿತೋ. ಗುಂಡಿ ನೋಡಿದ, ಲಾಳಿ ಮುಟ್ಟಿ ನೋಡಿದ. “ನಮ್ಕಡೆ ಸೂತ್ಕದಲ್ಲಿ ನೇಗ್ಲು ಕಟ್ಟಲ್ಲ. ಮಗ್ಗಕ್ಕೂ ಅಂಗೇ ಅಂತ ಒಳೀನಿಲ್ಲ ನಂಗೆ” ಅಂದ.

ಮೇಡಂ ಎದುರುಮನೆಗೆ ಹೋದರು. ಅಜ್ಜಿ ಜರಿಯಂಚಿನ ಸೀರೆ ಉಟ್ಟು ದಿಂಬಿಗೆ ಒರಗಿದ್ದಳು, ಮಗ್ಗದ ಪಕ್ಕದಲ್ಲೇ. ಮಗ್ಗದಲ್ಲಿ ಶಿವರಾಜು. ಬೆವರು ಸುರಿಯುತ್ತಿತ್ತು, ಕೈ ಮಾತ್ರ ನಿಂತಿರಲಿಲ್ಲ.

“ಇವರು ರಸ್ತೆ ಬೇಕು ಅಂತ ಅರ್ಜಿ ಕೊಟ್ಟಿದ್ರಲ್ಲ?” ಅಂದರು ಮೇಡಂ.

ಶಿವರಾಜು ತಲೆ ಎತ್ತಲಿಲ್ಲ. “ರಸ್ತೆ ಬೇಕು ಮೇಡಂ. ಇಂದ್ಗಡೆ ಬಯಲಲ್ಲಿ ಮಾಡಿ. ಇಲ್ ಬ್ಯಾಡ.”

ಮೇಡಂ ಅಜ್ಜಿ ಪಕ್ಕ ನೆಲದ ಮೇಲೆ ಕೂತರು. ಎಷ್ಟು ವರ್ಷ ನೇಯ್ದಿರಿ ಅಂತ ಕೇಳಿದರು. “ವರ್ಸ ಯಾರ್ ಎಣ್ಸಿದ್ರು, ಸೀರೇನೇ ಎಣ್ಸಿಲ್ಲ” ಅಂದಳು ಅಜ್ಜಿ. ಆಮೇಲೆ ಮೇಡಂ ಎದ್ದು ಬೀದಿಯಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ, ಜಡೇಸ್ವಾಮಿಗೆ ಹೇಳಿ ಬರೆಸಿದರು - ಬೀದಿಯಲ್ಲಿ ನೇಯ್ಗೆ ಚಾಲ್ತಿಯಲ್ಲಿದೆ, ರಸ್ತೆಯನ್ನು ಹಿಂದಿನ ಬಯಲಿಗೆ ಸರಿಸಲು ಶಿಫಾರಸು. ಪುಟ್ಟಮಾದಮ್ಮ ಶಿಳ್ಳೆ ಹೊಡೆದಳು. ಅವಳಿಗೆ ಶಿಳ್ಳೆ ಬರುತ್ತದೆ ಅಂತಲೇ ಗೊತ್ತಿರಲಿಲ್ಲ.

ಇವರು ಅತ್ತರು. ನಾನು ಪಾಯಸ ಮಾಡಿದೆ.

ಅಕ್ಟೋಬರ್ 17, ಶುಕ್ರವಾರ

ಮೂರು ತಿಂಗಳಾಯಿತು ಇದರಲ್ಲಿ ಬರೆದು. ದಸರಾ, ದೀಪಾವಳಿ ಆರ್ಡರು, ಕೈಗೆ ಬಿಡುವಿರಲಿಲ್ಲ.

ಇವತ್ತು ಜಡೇಸ್ವಾಮಿ ಫೋನ್ ಮಾಡಿದ್ದ. ಮೇಲಿನವರು ಒಪ್ಪಿದ್ದಾರೆ. ರಸ್ತೆ ಹಿಂದಿನ ಬಯಲಿಗೆ ಹೋಯಿತು. ನಮ್ಮ ಬೀದಿಯಲ್ಲಿ ಮನೆಯೊಳಗಿನ ಮಗ್ಗವನ್ನು ಯಾರೂ ಎಬ್ಬಿಸುವಂತಿಲ್ಲ. ಪಕ್ಕಾ ನಕ್ಷೆ ಅವನೇ ತರುತ್ತಾನಂತೆ. ಸುದ್ದಿ ಹೇಳಲು ಓಡಿದೆ. ಅಜ್ಜಿ ಶಿವರಾಜುವಿನ ಸೀರೆ ಅಂಚು ಹಿಡಿದು ತಪ್ಪು ಹುಡುಕುತ್ತಿದ್ದಳು. ಭಾನುವಾರ ಭಾನುವಾರ ಅವನೇ ಕೂರುತ್ತಾನೆ ಈಗ.

“ಗೆದ್ವಿ ಕಣಜ್ಜಿ!”

“ಗೊತ್ತು ಬುಡು. ನಾನ್ ಸುಮ್ಸುಮ್ನೆ ಬದ್ಕಿದ್ನಾ?”

ನವೆಂಬರ್ 12, ಬುಧವಾರ

ವೀರಮ್ಮಜ್ಜಿ ಬೆಳಗಿನ ಜಾವ ಹೋದಳು. ನಿದ್ದೆಯಲ್ಲೇ. ಮುಖದಲ್ಲಿ ನಗುವಿನ ಹಾಗೇ ಏನೋ ಇತ್ತು.

ಪಂಚೆ ಹೊದಿಸಿದೆವು. ಎಲ್ಲಾ ಮಗ್ಗಕ್ಕೂ.

ನವೆಂಬರ್ 14, ಶುಕ್ರವಾರ

ಮಧ್ಯಾಹ್ನ ಜಡೇಸ್ವಾಮಿ ಬಂದಿದ್ದ, ಸುತ್ತಿದ ನಕ್ಷೆ ಕಂಕುಳಲ್ಲಿ ಇಟ್ಟುಕೊಂಡು. ಬೀದಿ ಬಾಯಲ್ಲಿ ಬೈಕ್ ನಿಲ್ಲಿಸಿದ. ಜಗಲಿಯಿಂದ ನೋಡುತ್ತಿದ್ದೆ. ಬಾಗಿಲೆಲ್ಲ ಹಾಕಿತ್ತು. ಸದ್ದಿಲ್ಲ. ಮಾರ್ಚ್‌ನಲ್ಲಿ ನಿಂತಿದ್ದ ಹಾಗೆಯೇ ನಿಂತ.

ಆಮೇಲೆ ಬೈಕಿನ ಪಕ್ಕ ಚಪ್ಪಲಿ ಬಿಟ್ಟ. ಬರಿಗಾಲಲ್ಲಿ ನಡೆದು ಬಂದ. ಯಾವ ಬಾಗಿಲನ್ನೂ ತಟ್ಟಲಿಲ್ಲ. ನನ್ನ ಹತ್ತಿರ ಬಂದು, ದನಿ ತಗ್ಗಿಸಿ, “ಯಾರವ್ವಾ?” ಅಂದ.

ಅಲ್ಲಿಯ ತನಕ ಅತ್ತಿರಲಿಲ್ಲ ನಾನು. ಆಗ ಅತ್ತೆ. ಗೆದ್ದದ್ದು ಇದು ಅನಿಸಿತು.

ನಕ್ಷೆ ಬಿಚ್ಚಿ ತೋರಿಸಿದ. ನೀಲಿ ಇಲ್ಲ, ದಪ್ಪ ಗೆರೆ ಇಲ್ಲ. ಬೀದಿಯ ಮೇಲೆ ಅಕ್ಷರದಲ್ಲೇ ಬರೆದಿದೆ: ಕೈಮಗ್ಗದ ಬೀದಿ. ಗುಡಿ ಗೋಡೆಗೆ ಅಂಟಿಸಲು ತಂದಿದ್ದ. ಮತ್ತೆ ಸುತ್ತಿಟ್ಟುಕೊಂಡ. “ತಿಥಿ ಕಳೀಲಿ ಅವ್ವಾ. ಮಗ್ಗ ಸುರುವಾಗೋ ದಿನ ಬತ್ತೀನಿ” ಅಂತ ಹೇಳಿ, ಬೀದಿ ದಾಟುವ ತನಕ ಬೈಕ್ ತಳ್ಳಿಕೊಂಡೇ ಹೋದ.

ಶಿವರಾಜು ಬಾಗಿಲಲ್ಲಿ ನಿಂತು ಕೂಗುತ್ತಿದ್ದಾನೆ. ಅವ್ವನ ಮಗ್ಗದ ಪಂಚೆ ಗಾಳಿಗೆ ಜಾರಿದೆಯಂತೆ. ತಾನು ಮುಟ್ಟಬಹುದಾ, ಮುಟ್ಟಬಾರದಾ, ಗೊತ್ತಾಗುತ್ತಿಲ್ಲ, ಬಾ ಗೌರಕ್ಕ ಅನ್ನುತ್ತಿದ್ದಾನೆ. ಮೊಬೈಲ್ ಅಂಗಡಿ ಶಿವರಾಜು! ಹೋಗಿ ಹೊದಿಸಿ ಬಂದು ಮುಂದಿನದು ಬರೆಯುತ್ತೇನೆ.